ನಾರ್ಮಾ ನಿಂತ ಜಾಗ

ನಾರ್ಮಾ ಮೆಕಾರ್ವಿ ಎಂಬ ಅಮೆರಿಕದ ಹೆಂಗಸಿನ ಹೆಸರಿನಲ್ಲಿ ಎರಡು ಆತ್ಮಕಥೆಗಳಿವೆ. 1994ರಲ್ಲಿ ಬಂದ ‘ಐ ಆ್ಯಮ್ ರೋ’ ಓದಿದರೆ, ಬೇಡದ ಬಸಿರನ್ನು ತೆಗೆಸಿಕೊಳ್ಳುವ ಹಕ್ಕಿಗಾಗಿ ಕೋರ್ಟು ಹತ್ತಿದ ಹೆಣ್ಣಿನ ಪಾಡು ಗೊತ್ತಾಗುತ್ತದೆ. ಮೂರೇ ವರ್ಷ ಕಳೆದು 1997ರಲ್ಲಿ ಬಂದ ‘ವನ್ ಬೈ ಲವ್’ ಓದಿದರೆ, ಅದೇ ಹಕ್ಕನ್ನು ಅಳಿಸಿಹಾಕಲು ಅದೇ ಹೆಂಗಸು ಪಣ ತೊಟ್ಟಿರುತ್ತಾಳೆ. ಕುಡುಕಿ ತಾಯಿ, ಹೊಡೆಯುವ ಗಂಡ, ಕೈತಪ್ಪಿದ ಮಕ್ಕಳು ಎರಡರಲ್ಲೂ ಅವರೇ. ಅವರಿಂದ ಅವಳು ತೆಗೆಯುವ ಅರ್ಥ ಮಾತ್ರ ತಿರುವುಮುರುವು.

ಅಮೆರಿಕದಲ್ಲಿ ಹೆಚ್ಚುಕಡಿಮೆ ಅರ್ಧ ಶತಮಾನ ಗರ್ಭಪಾತದ ಹಕ್ಕನ್ನು ಕಾಯ್ದ ‘ರೋ ವರ್ಸಸ್ ವೇಡ್’ ತೀರ್ಪಿನ ‘ಜೇನ್ ರೋ’ ಇವಳೇ. ಗುರುತು ಮುಚ್ಚಲು ವಕೀಲರು ಇಟ್ಟ ಹೆಸರು ಅದು. ಪಕ್ಷ ಬದಲಿಸಿದವರ ಆತ್ಮಕಥೆಗಳು ಆ ದೇಶದಲ್ಲಿ ಬೇಕಾದಷ್ಟಿವೆ. ಆದರೆ ಎರಡೂ ಪಕ್ಷದವರ ಕೈಯಿಂದ ಒಂದೊಂದು ಆತ್ಮಕಥೆ ಬರೆಸಿಕೊಂಡವಳು ನನಗೆ ತಿಳಿದಂತೆ ಇವಳೊಬ್ಬಳೇ.

ನಾನು ಹೆರಿಗೆ ಡಾಕ್ಟರು. ಹಾವೇರಿ, ಧಾರವಾಡ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸರ್ವೀಸು ಮುಗಿಸಿ ನಿವೃತ್ತಳಾದವಳು. 2022ರ ಕೊನೆಗೆ ಮಗಳ ಬಾಣಂತನಕ್ಕೆಂದು ಟೆಕ್ಸಸ್ಸಿನ ಪ್ಲೇನೋ ಊರಿಗೆ ಹೋಗಿದ್ದೆ. ಆ ವರ್ಷದ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟು ‘ಡಾಬ್ಸ್’ ತೀರ್ಪಿನಲ್ಲಿ ರೋ ತೀರ್ಪನ್ನು ರದ್ದು ಮಾಡಿತ್ತು. ಆಗಸ್ಟಿನ ಕೊನೆಯ ಹೊತ್ತಿಗೆ ಟೆಕ್ಸಸ್ಸಿನಲ್ಲಿ ತಾಯಿಯ ಜೀವಕ್ಕೋ ಮುಖ್ಯ ಅಂಗಕ್ಕೋ ಗಂಡಾಂತರ ಬಂದ ಹೊರತು ಗರ್ಭಪಾತವೇ ಇಲ್ಲ ಎಂದಾಯಿತು. ಮಾಡಿದ ಡಾಕ್ಟರಿಗೆ ಜೀವಾವಧಿಯವರೆಗೂ ಸೆರೆಮನೆ. “ಅಮ್ಮಾ, ಐದನೇ ತಿಂಗಳ ಸ್ಕ್ಯಾನಿನಲ್ಲಿ ಕೂಸಿಗೆ ಏನಾದರೂ ದೊಡ್ಡ ತೊಂದರೆ ಕಂಡಿದ್ದರೆ ನಾನೇನು ಮಾಡಬೇಕಿತ್ತು?” ಎಂದು ಮಗಳು ಒಂದು ರಾತ್ರಿ ಕೇಳಿದಳು. ಅವಳ ಗೆಳತಿಯರಲ್ಲಿ ಇದಕ್ಕೆ ಉತ್ತರ ತಯಾರಿತ್ತು: ನ್ಯೂ ಮೆಕ್ಸಿಕೋಗೆ ಹೋಗುವುದು. ತಿಂಗಳು ತುಂಬುತ್ತಿರುವ ಹೆಣ್ಣುಮಕ್ಕಳು ಮನೆಯಲ್ಲಿ ಕೂತು ಪಕ್ಕದ ರಾಜ್ಯದ ದಾರಿ ಲೆಕ್ಕ ಹಾಕುವುದನ್ನು ನೋಡಿ ನನ್ನ ಹೊಟ್ಟೆ ಕಲಸಿತು. ರೋ ತೀರ್ಪು ಬಂದದ್ದು ಹೇಗೆ, ಹೋದದ್ದು ಹೇಗೆ ಎಂದು ತಿಳಿಯಲೇಬೇಕೆನಿಸಿ ನಾರ್ಮಾಳ ಪುಸ್ತಕ ಹಿಡಿದೆ. ಮೊಮ್ಮಗ ಎಣ್ಣೆನೀರು ಹಾಕಿಸಿಕೊಂಡು ಮಲಗಿದ ಮೇಲೆ ಸಿಗುವ ಮಧ್ಯಾಹ್ನದ ಹೊತ್ತಿನಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಓದಿದೆ.

ನಾರ್ಮಾ ಹುಟ್ಟಿದ್ದು 1947ರಲ್ಲಿ, ಲೂಸಿಯಾನಾದ ಒಂದು ಸಣ್ಣ ಊರಿನಲ್ಲಿ. ಬೆಳೆದದ್ದು ಟೆಕ್ಸಸ್ಸಿನಲ್ಲಿ. ತಂದೆ ಟಿ.ವಿ. ರಿಪೇರಿ ಮಾಡುತ್ತಿದ್ದ, ಸಂಸಾರ ಮುರಿದು ದೂರವಾದ. ಹತ್ತು ವರ್ಷದವಳಿದ್ದಾಗ ಪೆಟ್ರೋಲ್ ಬಂಕಿನ ಗಲ್ಲೆಯಿಂದ ದುಡ್ಡು ಕದ್ದು ಗೆಳತಿಯೊಂದಿಗೆ ಓಡಿಹೋದಳು. ಮುಂದೆ ಹುಡುಗಿಯರ ಸುಧಾರಣಾ ಶಾಲೆ ಸೇರಿದಳು, ಅಲ್ಲಿಯ ದಿನಗಳೇ ತನ್ನ ಬಾಲ್ಯದ ಒಳ್ಳೆಯ ದಿನಗಳು ಎಂದು ಆಮೇಲೆ ಹೇಳಿಕೊಂಡಳು. ಹದಿನಾರಕ್ಕೆ ಮದುವೆ. ಬಸಿರಿಯಾಗಿದ್ದಾಗ ಗಂಡ ಹೊಡೆದನೆಂದು ಬಿಟ್ಟು ಬಂದಳು. ಮೊದಲ ಮಗಳನ್ನು ತನ್ನ ತಾಯಿಯೇ ಮೋಸದಿಂದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಿತ್ತುಕೊಂಡಳು ಎಂಬುದು ಅವಳ ದೂರು. ಎರಡನೆಯ ಮಗುವನ್ನು ದತ್ತು ಕೊಟ್ಟಳು. ಬಾರುಗಳಲ್ಲಿ ಕೆಲಸ, ಕುಡಿತ, ಅಮಲು ಪದಾರ್ಥ. ಹೆಂಗಸರ ಸಂಗವನ್ನೇ ಬಯಸುವ ಮನಸ್ಸು ಅವಳದು. 1960ರ ದಶಕದ ಟೆಕ್ಸಸ್ಸಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

1969ರಲ್ಲಿ ಮೂರನೆಯ ಸಲ ಬಸಿರಾದಳು. ವಯಸ್ಸು ಇಪ್ಪತ್ತೆರಡು, ಕೈಯಲ್ಲಿ ಕಾಸಿಲ್ಲ. ತಾಯಿಯ ಜೀವ ಉಳಿಸುವುದಕ್ಕೆ ಹೊರತಾಗಿ ಗರ್ಭಪಾತ ಅಪರಾಧ ಎಂಬ ಹತ್ತೊಂಬತ್ತನೇ ಶತಮಾನದ ಕಾನೂನೇ ಆ ರಾಜ್ಯದಲ್ಲಿ ಇನ್ನೂ ನಡೆಯುತ್ತಿತ್ತು. ಗುಂಪು ಅತ್ಯಾಚಾರವಾಯಿತೆಂದು ಹೇಳಿದರೆ ಯಾರಾದರೂ ಸಹಾಯ ಮಾಡಿಯಾರೆಂದು ಸುಳ್ಳು ಹೇಳಿದಳು. ಅದು ಸುಳ್ಳೆಂದು 1987ರಲ್ಲಿ ತಾನೇ ಒಪ್ಪಿಕೊಂಡಳು. ದತ್ತು ಮಾಡಿಸಿಕೊಡುವ ವಕೀಲರೊಬ್ಬರ ಮೂಲಕ ಸಾರಾ ವೆಡಿಂಗ್ಟನ್ ಮತ್ತು ಲಿಂಡಾ ಕಾಫಿ ಎಂಬ ಇಬ್ಬರು ಎಳೆಯ ವಕೀಲೆಯರು ಅವಳಿಗೆ ಸಿಕ್ಕರು. ಆ ಕಾನೂನನ್ನು ಪ್ರಶ್ನಿಸಲು ಅವರಿಗೊಬ್ಬ ಬಸಿರಿ ಬೇಕಿತ್ತು. ಡಲ್ಲಾಸಿನ ಪಿಜ್ಜಾ ಅಂಗಡಿಯೊಂದರಲ್ಲಿ ಮೂವರೂ ಕೂತು ಮಾತಾಡಿದರು. ಬಿಯರ್ ಬಂತು, ಪಿಜ್ಜಾ ಬಂತು. 1970ರ ಮಾರ್ಚಿನಲ್ಲಿ ದಾವೆ ದಾಖಲಾಯಿತು.

ನಾರ್ಮಾ ಅಂದುಕೊಂಡದ್ದು, ಕೇಸು ಹಾಕಿದರೆ ತನಗೆ ಗರ್ಭಪಾತ ಮಾಡಿಸುತ್ತಾರೆ ಎಂದು. ಹೊಟ್ಟೆಯಲ್ಲಿರುವ ಕೂಸು ಕೋರ್ಟಿನ ತಾರೀಖಿಗೆ ಕಾಯುವುದಿಲ್ಲ. ಜೂನ್ ತಿಂಗಳಲ್ಲಿ ಹೆರಿಗೆಯಾಯಿತು. ಹೆಣ್ಣುಮಗು ದತ್ತು ಹೋಯಿತು. ಅಂತಿಮ ತೀರ್ಪು ಬಂದದ್ದು 1973ರ ಜನವರಿ 22ರಂದು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ ಅವಳ ಪರ. ಅಷ್ಟರಲ್ಲಿ ಆ ಮಗು ಎರಡೂವರೆ ವರ್ಷದ್ದಾಗಿ ಬೇರೆ ಯಾರದೋ ಮನೆಯಲ್ಲಿ ಓಡಾಡಿಕೊಂಡಿತ್ತು. ನಾರ್ಮಾ ಒಂದು ದಿನವೂ ಕೋರ್ಟಿಗೆ ಹೋದವಳಲ್ಲ. ತನ್ನ ಕೇಸು ಗೆದ್ದಿತೆಂದು ಅವಳಿಗೆ ಗೊತ್ತಾದದ್ದು ಪತ್ರಿಕೆ ಓದಿ. ಅದೇ ದಿನ ಮಾಜಿ ಅಧ್ಯಕ್ಷ ಲಿಂಡನ್ ಜಾನ್ಸನ್ ತೀರಿಕೊಂಡಿದ್ದರಿಂದ ದೊಡ್ಡ ಸುದ್ದಿ ಅವರದೇ ಆಗಿತ್ತು.

ನನ್ನ ಮನಸ್ಸಿಗೆ ಬಹಳ ನಾಟಿದ್ದು ಇದರ ಹಿಂದಿನ ಇನ್ನೊಂದು ಸಂಗತಿ. ವಕೀಲೆ ವೆಡಿಂಗ್ಟನ್ ಕಾನೂನು ಓದುವಾಗ, 1967ರಲ್ಲಿ, ಗಡಿ ದಾಟಿ ಮೆಕ್ಸಿಕೋದಲ್ಲಿ ಗರ್ಭಪಾತ ಮಾಡಿಸಿಕೊಂಡು ಬಂದಿದ್ದರು. 1992ರಲ್ಲಿ ಅವರೇ ತಮ್ಮ ಪುಸ್ತಕದಲ್ಲಿ ಇದನ್ನು ಹೇಳಿಕೊಂಡರು. ನಾರ್ಮಾ ಅದನ್ನು ತಿಳಿದು ಕುದಿದುಹೋದಳು. ಎದುರು ಕೂತವಳಿಗೆ ದಾರಿ ಗೊತ್ತಿತ್ತು, ಆದರೂ ನನಗೆ ಹೇಳಲಿಲ್ಲ ಎಂಬುದು ಅವಳ ಸಂಕಟ. ವೆಡಿಂಗ್ಟನ್ನರ ಕಡೆಯಿಂದಲೂ ನೋಡಬೇಕು. ಅವರಿಗೆ ಒಬ್ಬಳ ಸಮಸ್ಯೆಗಿಂತ ಇಡೀ ದೇಶದ ಹೆಂಗಸರದ್ದು ಕಣ್ಣ ಮುಂದಿತ್ತು, ಆ ಕೆಲಸವನ್ನು ಅವರು ಸಾಧಿಸಿದರು ಕೂಡ. ಇಪ್ಪತ್ತಾರರ ವಯಸ್ಸಿಗೆ ಸುಪ್ರೀಂ ಕೋರ್ಟಿನಲ್ಲಿ ನಿಂತು ವಾದಿಸಿದವರು. ಆದರೂ ಬಸಿರಿಯೊಬ್ಬಳ ಎದುರು ಕೂತಾಗ ನನಗೆ ಗೊತ್ತಿರುವುದನ್ನು ಹೇಳದೆ ಕಳಿಸುವುದು ನನ್ನಿಂದ ಆಗುವ ಕೆಲಸವಲ್ಲ. ಕಾನೂನಿನವರಿಗೂ ವೈದ್ಯರಿಗೂ ಇರುವ ದೂರ ಅಲ್ಲಿದೆ.

ಮೊದಲ ಆತ್ಮಕಥೆ ಬರೆಯಲು ಆಂಡಿ ಮೈಸ್ಲರ್ ಎಂಬ ಬರಹಗಾರ ಜೊತೆಯಾದ. ಅಷ್ಟರಲ್ಲಿ ನಾರ್ಮಾ ಗುಟ್ಟು ಬಿಟ್ಟು ಹೊರಗೆ ಬಂದಿದ್ದಳು. 1989ರಲ್ಲಿ ಅವಳ ಕಥೆ ಟಿ.ವಿ. ಸಿನಿಮಾ ಆಯಿತು, ಆ ಪಾತ್ರ ಮಾಡಿದ ಹಾಲಿ ಹಂಟರ್ ಎಮ್ಮಿ ಪ್ರಶಸ್ತಿ ಪಡೆದರು. ಹಕ್ಕಿನ ಪರ ಮೆರವಣಿಗೆಗಳಿಗೆ ಇವಳೂ ಹೋಗುತ್ತಿದ್ದಳು, ಆದರೆ ವೇದಿಕೆಯ ಮೇಲಿನ ಓದಿದ ಹೆಂಗಸರಿಗೆ ಇವಳ ಒರಟು ಮಾತು, ಕುಡಿತ, ಒಮ್ಮೆ ಹೇಳಿದ್ದ ಸುಳ್ಳು ಇವೆಲ್ಲ ಮುಜುಗರ. ಹೆಸರು ಬೇಕು, ಹೆಂಗಸು ಬೇಡ. ಪುಸ್ತಕದಲ್ಲಿ ಆ ಅವಮಾನ ಪುಟಪುಟಕ್ಕೂ ಇದೆ. ಹೊಟ್ಟೆಪಾಡಿಗೆ ಮನೆ ಕೆಲಸವನ್ನೂ ಮಾಡಿ, ಕೊನೆಗೆ ಡಲ್ಲಾಸಿನ ಒಂದು ಗರ್ಭಪಾತ ಕ್ಲಿನಿಕ್ಕಿನಲ್ಲಿ ಸೇರಿಕೊಂಡಳು.

1995ರಲ್ಲಿ ಅದೇ ಕ್ಲಿನಿಕ್ಕಿನ ಪಕ್ಕದ ಬಾಗಿಲಿಗೇ ‘ಆಪರೇಷನ್ ರೆಸ್ಕ್ಯೂ’ ಎಂಬ ಗರ್ಭಪಾತ ವಿರೋಧಿ ಸಂಘಟನೆ ಕಚೇರಿ ತೆರೆಯಿತು. ಬೈಗುಳದಿಂದ ಶುರುವಾದ ನೆರೆಹೊರೆ ಮಾತಿಗೆ ತಿರುಗಿತು. ಅಲ್ಲಿಯ ಕಾರ್ಯಕರ್ತೆಯೊಬ್ಬಳ ಏಳು ವರ್ಷದ ಮಗಳು ನಾರ್ಮಾಳಿಗೆ ಅಂಟಿಕೊಂಡಳು, ಚರ್ಚಿಗೆ ಬಾ ಎಂದು ಕರೆದಳು. ಗರ್ಭದಲ್ಲಿ ಶಿಶು ಬೆಳೆಯುವ ಹಂತಗಳ ಚಿತ್ರಪಟವೊಂದನ್ನು ಆ ಕಚೇರಿಯಲ್ಲಿ ನೋಡಿ ತನ್ನ ಎದೆ ಒಡೆಯಿತೆಂದು ಎರಡನೆಯ ಪುಸ್ತಕದಲ್ಲಿ ಬರೆದಿದ್ದಾಳೆ. ಆಗಸ್ಟ್ 8ರಂದು ಸಂಘಟನೆಯ ಮುಖಂಡ ಫ್ಲಿಪ್ ಬೆನ್‌ಹ್ಯಾಮ್ ಗಾರ್ಲಂಡ್ ಊರಿನ ಒಂದು ಮನೆಯ ಹಿತ್ತಲ ಈಜುಕೊಳದಲ್ಲಿ ಅವಳಿಗೆ ದೀಕ್ಷಾಸ್ನಾನ ಮಾಡಿಸಿದ, ಟಿ.ವಿ. ಕ್ಯಾಮೆರಾಗಳು ಅಲ್ಲೇ ಇದ್ದವು. ಗಾರ್ಲಂಡ್ ನನ್ನ ಮಗಳ ಮನೆಯಿಂದ ದೂರವೇನಲ್ಲ. ದಿನಸಿಗೆ ಹೋಗುವಾಗ ಆ ಊರಿನ ಬೋರ್ಡು ಕಂಡರೆ ಆ ಕೊಳ ನೆನಪಾಗುತ್ತಿತ್ತು. ದೇವರ ಮುಂದೆ ತಲೆಬಾಗುವ ಗಳಿಗೆಯಲ್ಲೂ ಅವಳಿಗೆ ಒಂಟಿಯಾಗಿರಲು ಬಿಡಲಿಲ್ಲವಲ್ಲ ಎನ್ನಿಸುತ್ತಿತ್ತು.

ಇಷ್ಟಾದರೂ ಅವಳನ್ನು ಮೋಸಹೋದ ಪೆದ್ದಿ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಮೂರು ಮಕ್ಕಳನ್ನು ಹೆತ್ತು ಒಂದನ್ನೂ ಸಾಕಲಾಗದ ಹೆಂಗಸು. ಪುಟ್ಟ ಹುಡುಗಿಯೊಬ್ಬಳು ಓಡಿಬಂದು ತಬ್ಬಿಕೊಂಡರೆ ಅವಳೊಳಗೆ ಏನಾಗುತ್ತದೆ ಎಂಬುದು ಹೆರಿಗೆ ವಾರ್ಡಿನಲ್ಲಿ ಬದುಕು ಸವೆಸಿದ ನನಗೆ ಅರ್ಥವಾಗುತ್ತದೆ. ಆ ಪ್ರೀತಿ ನಿಜ. ಅದರ ಸುತ್ತ ಕಟ್ಟಿದ ಪ್ರಚಾರ ಬೇರೆ.

ಪಕ್ಷ ಬದಲಿಸಿದವರ ಇಂಥ ಪುಸ್ತಕಗಳಿಗೆಲ್ಲ ಕಣ್ಣು ತೆರೆದ ಒಂದು ಗಳಿಗೆ ಬೇಕೇ ಬೇಕು. ಟೆಕ್ಸಸ್ಸಿನದೇ ಬ್ರಯನ್ ಊರಿನ ಗರ್ಭಪಾತ ಕ್ಲಿನಿಕ್ಕಿನ ಮುಖ್ಯಸ್ಥೆಯಾಗಿದ್ದು 2009ರಲ್ಲಿ ಕೆಲಸ ಬಿಟ್ಟ ಆ್ಯಬಿ ಜಾನ್ಸನ್ ‘ಅನ್‌ಪ್ಲ್ಯಾನ್ಡ್’ ಪುಸ್ತಕದಲ್ಲಿ ಸ್ಕ್ಯಾನಿಂಗ್ ಪರದೆಯ ಮೇಲೆ ಕಂಡ ಒಂದು ದೃಶ್ಯವನ್ನು ಹಾಗೆ ಹೇಳುತ್ತಾರೆ. ನನ್ನ ವೃತ್ತಿಯವರೇ ಆದ ಬರ್ನಾರ್ಡ್ ನೇಥನ್‌ಸನ್ ಕಥೆ ಇನ್ನೂ ಗಾಢ. ನ್ಯೂಯಾರ್ಕಿನ ಆ ಸ್ತ್ರೀರೋಗ ತಜ್ಞ 1969ರಲ್ಲಿ ಗರ್ಭಪಾತ ಹಕ್ಕಿನ ದೊಡ್ಡ ಸಂಘಟನೆ ಕಟ್ಟಿದವರಲ್ಲೊಬ್ಬ. ಮುಂದೆ ನ್ಯೂಯಾರ್ಕಿನ ಬಹುದೊಡ್ಡ ಗರ್ಭಪಾತ ಕ್ಲಿನಿಕ್ಕನ್ನು ನಡೆಸಿದವ. ಭ್ರೂಣದ ಎದೆಬಡಿತ ಕೇಳಿಸುವ, ಚಲನೆ ತೋರಿಸುವ ಯಂತ್ರಗಳು ಬಂದಂತೆ ಅವನ ಮನಸ್ಸು ಕದಡಿತು. 1974ರಲ್ಲೇ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಆ ತಳಮಳ ತೋಡಿಕೊಂಡ. 1984ರಲ್ಲಿ ‘ದಿ ಸೈಲೆಂಟ್ ಸ್ಕ್ರೀಮ್’ ಎಂಬ ಚಿತ್ರದಲ್ಲಿ ಹನ್ನೆರಡು ವಾರದ ಭ್ರೂಣ ಕಿರುಚುತ್ತಿದೆ ಎಂದು ಪರದೆ ತೋರಿಸಿ ವಿವರಿಸಿದ. 1996ರ ಆತ್ಮಕಥೆ ‘ದಿ ಹ್ಯಾಂಡ್ ಆಫ್ ಗಾಡ್’ನಲ್ಲಿ, ತನ್ನಿಂದಲೇ ಬಸಿರಾದ ಹೆಂಗಸಿಗೆ ತಾನೇ ಗರ್ಭಪಾತ ಮಾಡಿದ್ದನ್ನೂ ಬಚ್ಚಿಡದೆ ಬರೆದ. ಅವನ 1974ರ ಲೇಖನಕ್ಕೆ ನನ್ನ ಗೌರವವಿದೆ. ಆ ಪರದೆಯನ್ನು ನೋಡಿ ಏನೂ ಅನ್ನಿಸದ ವೈದ್ಯರನ್ನು ನಾನು ಕಂಡಿಲ್ಲ. ಸಿನಿಮಾಕ್ಕೆ ಆ ಗೌರವ ಕೊಡಲಾರೆ. ಹನ್ನೆರಡು ವಾರದಲ್ಲಿ ಮಿದುಳಿಗೆ ನೋವು ತಿಳಿಯುವ ನರಮಾರ್ಗ ಇನ್ನೂ ಕೂಡಿಕೊಂಡಿರುವುದಿಲ್ಲ. ಕಿರುಚುವಿಕೆ ಎಂದು ಹೆಸರಿಟ್ಟದ್ದು ನೋಡುವವರನ್ನು ಹೆದರಿಸಲು, ಆ ಟೇಬಲ್ಲಿನ ಮೇಲೆ ಮಲಗಿದ್ದ ಹೆಂಗಸು ಚಿತ್ರದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಮತ್ತೆ ನಾರ್ಮಾಳಿಗೆ ಬರುತ್ತೇನೆ. ದೀಕ್ಷೆಯ ನಂತರ ಅವಳು ಹೊಸ ಪಕ್ಷದ ಕಿರೀಟವಾದಳು. 1998ರಲ್ಲಿ ಕ್ಯಾಥೊಲಿಕ್ ಮತ ಸೇರಿದಳು. ತನ್ನದೇ ತೀರ್ಪನ್ನು ರದ್ದು ಮಾಡಿ ಎಂದು ಕೋರ್ಟಿಗೆ ಹೋದಳು; ಕೋರ್ಟು ಅದನ್ನು ತಳ್ಳಿತು. ದಶಕಗಳ ಸಂಗಾತಿಯೊಂದಿಗಿನ ಸಂಬಂಧ ಬರೀ ಸ್ನೇಹ ಎಂದು ಹೇಳಬೇಕಾಯಿತು. 2017ರ ಫೆಬ್ರವರಿಯಲ್ಲಿ, ಅರವತ್ತೊಂಬತ್ತರಲ್ಲಿ ತೀರಿಕೊಂಡಳು. ಮೂರು ವರ್ಷದ ಮೇಲೆ ‘ಎಕೆಎ ಜೇನ್ ರೋ’ ಎಂಬ ಸಾಕ್ಷ್ಯಚಿತ್ರ ಬಂದಾಗ ಎಲ್ಲರೂ ಬೆಚ್ಚಿಬಿದ್ದರು. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡ ನಾರ್ಮಾ ಅದರಲ್ಲಿ, ದುಡ್ಡು ತೆಗೆದುಕೊಂಡೆ, ಹೇಳಿಕೊಟ್ಟದ್ದನ್ನು ಕ್ಯಾಮೆರಾ ಮುಂದೆ ಹೇಳಿದೆ ಎನ್ನುತ್ತಾಳೆ. ಗರ್ಭಪಾತ ವಿರೋಧಿ ಗುಂಪುಗಳಿಂದ ವರ್ಷಗಳುದ್ದಕ್ಕೂ ಅವಳಿಗೆ ಸಂದ ಹಣ ಕಡಿಮೆಯೆಂದರೂ 4,56,911 ಡಾಲರ್ ಎಂದು ಚಿತ್ರ ಲೆಕ್ಕ ಕೊಡುತ್ತದೆ. ಆ ಚಳವಳಿಯ ಮುಂಚೂಣಿಯಲ್ಲಿದ್ದ ಪಾದ್ರಿ ರಾಬ್ ಶೆಂಕ್ ಅದೇ ಚಿತ್ರದಲ್ಲಿ, ಅವಳನ್ನು ಬಳಸಿಕೊಂಡೆವು ಎಂದು ಒಪ್ಪಿಕೊಳ್ಳುತ್ತಾರೆ. ಅವರೂ ಅಷ್ಟರಲ್ಲಿ ಪಕ್ಷ ಬದಲಿಸಿದ್ದರು. ರೋ ತೀರ್ಪು ಉಳಿಯಬೇಕೆಂದು 2019ರಲ್ಲಿ ಬಹಿರಂಗವಾಗಿ ಬರೆದಿದ್ದರು.

ಹಾಗಾದರೆ ಅವಳ ನಿಜವಾದ ನಿಲುವು ಯಾವುದು? ಉತ್ತರ ನನಗೆ ಸಿಕ್ಕಿದ್ದು ಪತ್ರಕರ್ತ ಜೋಶುವಾ ಪ್ರೇಗರ್ 2021ರಲ್ಲಿ ತಂದ ‘ದಿ ಫ್ಯಾಮಿಲಿ ರೋ’ ಪುಸ್ತಕದಿಂದ. ಅವಳ ಖಾಸಗಿ ಕಾಗದಪತ್ರ ಹುಡುಕಿ, ಅವಳೊಡನೆ ವರ್ಷಗಟ್ಟಲೆ ಮಾತಾಡಿದವರು ಅವರು. ತೀರ್ಪು ಬಂದ ಹೊಸದರಲ್ಲಿ, 1973ರಲ್ಲಿ, ಒಂದು ಬ್ಯಾಪ್ಟಿಸ್ಟ್ ಸುದ್ದಿಸಂಸ್ಥೆಗೆ ನಾರ್ಮಾ ಹೇಳಿದ್ದು ಮೊದಲ ಮೂರು ತಿಂಗಳವರೆಗೆ ಗರ್ಭಪಾತಕ್ಕೆ ಅವಕಾಶವಿರಬೇಕು, ಆಮೇಲೆ ಬೇಡ ಎಂಬರ್ಥದ ಮಾತು. ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿ ಪ್ರೇಗರ್‌ಗೆ ಹೇಳಿದ್ದೂ ಹೆಚ್ಚುಕಡಿಮೆ ಅದೇ. ಇನ್ನೂ ವಿಚಿತ್ರವೆಂದರೆ, 1995ರಲ್ಲಿ ದೀಕ್ಷೆಯಾದ ಹೊಸದರಲ್ಲಿಯೂ ಮೊದಲ ಮೂರು ತಿಂಗಳ ಮಟ್ಟಿಗೆ ಹೆಣ್ಣಿಗೆ ಆಯ್ಕೆ ಇರಬೇಕೆಂದು ಅವಳು ಟಿ.ವಿ.ಯಲ್ಲಿ ಹೇಳಿದ್ದಳು. ಹೊಸ ಗೆಳೆಯರಿಗೆ ಅದು ಹಿಡಿಸಲಿಲ್ಲ, 1997ರ ಪುಸ್ತಕದ ಹೊತ್ತಿಗೆ ಆ ಮಾತು ಮಾಯವಾಗಿತ್ತು. ನಾನು ಓದಿ ಕಂಡುಕೊಂಡದ್ದು ಇಷ್ಟು: ನಾರ್ಮಾ ಒಂದು ದಡದಿಂದ ಇನ್ನೊಂದು ದಡಕ್ಕೆ ಹಾರಿದವಳಲ್ಲ. ಅವಳು ನಡುವೆಯೇ ಎಲ್ಲೋ ನಿಂತಿದ್ದಳು. ಎರಡೂ ಪಕ್ಷದವರು ತಂತಮ್ಮ ಸರದಿ ಬಂದಾಗ ಅವಳನ್ನು ತಮ್ಮ ಗಡಿಯೊಳಕ್ಕೆ ಎಳೆದುಕೊಂಡು, ಪುಸ್ತಕ ಬರೆಸಿ, ಫೋಟೊ ತೆಗೆಸಿದರು.

ಆ ನಡುವಿನ ಜಾಗ ನನಗೆ ಪರಿಚಿತ. “ಬಾಯಾರ, ಇದು ಬ್ಯಾಡ್ರಿ ನಮಗ” ಎಂದು ಮೆಲ್ಲಗೆ ಹೇಳುತ್ತ ಒ.ಪಿ.ಡಿ. ಬಾಗಿಲು ಎಳೆದುಕೊಂಡು ಒಳಗೆ ಬರುತ್ತಿದ್ದ ಹೆಂಗಸರು ಅಲ್ಲಿಯವರೇ. ಹಕ್ಕು ಎಂದವಳನ್ನು ನಾನು ನೋಡಿಲ್ಲ, ಕೊಲೆ ಎಂದವಳನ್ನೂ ನೋಡಿಲ್ಲ. ಎಷ್ಟು ದಿನ ಆಗಿದೆ, ಎಷ್ಟು ಖರ್ಚು ಬರುತ್ತದೆ, ಅತ್ತೆಗೆ ತಿಳಿಯುತ್ತದೆಯೇ, ಮೊಲೆ ಬಿಡದ ಕೂಸನ್ನು ಆ ದಿನ ಯಾರ ಹತ್ತಿರ ಬಿಡಲಿ, ಕಬ್ಬು ಕಡಿಯಲು ಯಾವಾಗಿನಿಂದ ಹೋಗಬಹುದು, ಕೇಳುತ್ತಿದ್ದದ್ದು ಇವನ್ನೇ. ಮುಗಿದ ಮೇಲೆ ಕೆಲವರು ಹಗುರಾಗಿ ಎದ್ದು ಹೋಗುತ್ತಿದ್ದರು. ಕೆಲವರು ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಅಳುತ್ತಿದ್ದವಳೇ “ಮಾಡಿಸಿದ್ದು ಚಲೋ ಆತ್ರಿ” ಎಂದೂ ಹೇಳುತ್ತಿದ್ದಳು. ಅವಳ ಅಳುವನ್ನಷ್ಟೇ ಹಿಡಿದು ಒಂದು ಪುಸ್ತಕ ಬರೆಯಬಹುದು, ಮಾತನ್ನಷ್ಟೇ ಹಿಡಿದು ಇನ್ನೊಂದು. ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವ ತಾಳ್ಮೆ ಬೇಕು ಎಂಬುದೇ ನನ್ನ ಹಟ.

ಇಡೀ ದೇಶವೇ ಮನಸ್ಸು ಬದಲಿಸಿದ ಉದಾಹರಣೆಯೂ ಇದೆ, ಅದರಲ್ಲಿ ನಮ್ಮ ಬೆಳಗಾವಿಯ ಮಗಳ ಹೆಸರಿದೆ. ಐರ್ಲೆಂಡಿನಲ್ಲಿ ದಂತವೈದ್ಯೆಯಾಗಿದ್ದ ಸವಿತಾ ಹಾಲಪ್ಪನವರ 2012ರ ಅಕ್ಟೋಬರಿನಲ್ಲಿ ಹದಿನೇಳು ವಾರದ ಬಸಿರಿ. ಗರ್ಭ ಉಳಿಯುವುದಿಲ್ಲವೆಂದು ಗೊತ್ತಾಗಿತ್ತು. ತೆಗೆದುಬಿಡಿ ಎಂದು ಕೇಳಿಕೊಂಡಳು. ಭ್ರೂಣದ ಎದೆಬಡಿತ ಇನ್ನೂ ಇದೆಯೆಂದು ತೆಗೆಯಲಿಲ್ಲ. ನಂಜೇರಿ ಅಕ್ಟೋಬರ್ 28ರಂದು ತೀರಿಕೊಂಡಳು, ಮೂವತ್ತೊಂದಕ್ಕೆ. ಆ ಸುದ್ದಿ ಓದಿದ ದಿನ ಡ್ಯೂಟಿ ರೂಮಿನಲ್ಲಿ ನಾವ್ಯಾರೂ ಮಾತಾಡಲಿಲ್ಲ; ನಮ್ಮ ತಾಲೂಕು ಆಸ್ಪತ್ರೆಯಲ್ಲೂ ಆ ಹೆಣ್ಣುಮಗಳ ಜೀವ ಉಳಿಸಲು ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. 1983ರಲ್ಲಿ ಐರಿಷ್ ಜನ ಭ್ರೂಣಕ್ಕೂ ತಾಯಿಗೂ ಸಮಾನ ಜೀವಹಕ್ಕು ಎಂಬ ಎಂಟನೇ ತಿದ್ದುಪಡಿಯನ್ನು ಶೇಕಡ 66.9 ಮತದಿಂದ ಸಂವಿಧಾನಕ್ಕೆ ಸೇರಿಸಿದ್ದರು. 2018ರ ಮೇ 25ರಂದು ಶೇಕಡ 66.4 ಮತದಿಂದ ಅದನ್ನು ಕಿತ್ತುಹಾಕಿದರು. ಹೌದು ಎಂದು ಮತ ಹಾಕಿ ಎಂದು ಸವಿತಾಳ ತಂದೆ ಬೆಳಗಾವಿಯಿಂದಲೇ ಆ ಜನರನ್ನು ಬೇಡಿಕೊಂಡಿದ್ದರು. ಆಗಿನ ವಿರೋಧ ಪಕ್ಷದ ನಾಯಕ ಮೀಹಾಲ್ ಮಾರ್ಟಿನ್ ತಮ್ಮ ಪಕ್ಷದ ಬಹುಪಾಲು ಜನಕ್ಕೆ ಒಪ್ಪಿಗೆಯಿಲ್ಲದಿದ್ದರೂ, ನಾನು ಮನಸ್ಸು ಬದಲಿಸಿದ್ದೇನೆಂದು ಸಂಸತ್ತಿನಲ್ಲಿ ಎದ್ದುನಿಂತು ಹೇಳಿದರು. ಮತ ಬದಲಿಸಿದ ಸಾವಿರಾರು ಸಾಮಾನ್ಯರು ಯಾರೂ ಆತ್ಮಕಥೆ ಬರೆಯಲಿಲ್ಲ. ಡಬ್ಲಿನ್ನಿನ ಗೋಡೆಯ ಮೇಲೆ ಬಿಡಿಸಿದ್ದ ಸವಿತಾಳ ಚಿತ್ರದ ಸುತ್ತ ಚೀಟಿ ಅಂಟಿಸಿ, ನಿನಗಾಗಿ, ಕ್ಷಮಿಸು ಎಂದು ಬರೆದು ಹೋದರು.

ಭಾರತದಲ್ಲಿ ಈ ಬಗೆಯ ಎರಡು ಪಾಳೆಯಗಳಿಲ್ಲ. ಶಾಂತಿಲಾಲ್ ಶಾ ಸಮಿತಿಯ ವರದಿಯ ಮೇಲೆ 1971ರಲ್ಲೇ ಎಂಟಿಪಿ ಕಾಯ್ದೆ, ಅಂದರೆ ವೈದ್ಯಕೀಯ ಗರ್ಭಪಾತ ಕಾಯ್ದೆ, ಬಂತು. ರೋ ತೀರ್ಪಿಗಿಂತ ಮೊದಲೇ. ಹೆಣ್ಣುಭ್ರೂಣ ಕೊಲ್ಲುವ ದಂಧೆ ನಮ್ಮ ಬೇರೆಯದೇ ದೊಡ್ಡ ರೋಗ, ಅದಕ್ಕೆ 1994ರ ಬೇರೆ ಕಾಯ್ದೆಯಿದೆ. ಆ ಭಯದಿಂದ ಎಷ್ಟೋ ಕಡೆ ಎಂಟಿಪಿಯನ್ನೇ ಅಪರಾಧವೆಂದು ಜನ ತಿಳಿದಿದ್ದಾರೆ. ಕಾನೂನು ಇದ್ದೂ ಹೇಳುವವರಿಲ್ಲದೆ ನಮ್ಮ ಹೆಣ್ಣುಮಕ್ಕಳು ಪಿಜ್ಜಾ ಅಂಗಡಿಯಲ್ಲಿ ಕೂತ ನಾರ್ಮಾಳಷ್ಟೇ ಕತ್ತಲಲ್ಲಿರುತ್ತಾರೆ. ಆದ್ದರಿಂದ ನನಗೆ ಗೊತ್ತಿರುವುದನ್ನು ಇಲ್ಲಿ ಬರೆದುಬಿಡುತ್ತೇನೆ.

ಮುಟ್ಟು ನಿಂತು ಬಸಿರು ಗೊತ್ತಾದರೆ ದಿನ ಎಣಿಸಿ. ಒಂಬತ್ತು ವಾರದೊಳಗಾದರೆ ವೈದ್ಯರ ನಿಗಾದಲ್ಲಿ ಮಾತ್ರೆಯಿಂದಲೇ ಆಗುತ್ತದೆ. ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗಬೇಡಿ, ಗರ್ಭನಾಳದಲ್ಲಿ ಬಸಿರು ನಿಂತಿದ್ದರೆ ಜೀವಕ್ಕೇ ಬರುತ್ತದೆ. ಕಾಯ್ದೆ ಹೇಳುವ ಕಾರಣಗಳಿದ್ದರೆ ಇಪ್ಪತ್ತು ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ವಿಫಲವಾದದ್ದೂ ಅಂಥ ಒಂದು ಕಾರಣ, ಮದುವೆಯಾಗಿರಬೇಕೆಂದಿಲ್ಲ. 2021ರ ತಿದ್ದುಪಡಿಯ ಪ್ರಕಾರ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ನಡುವೆ ವಿಧವೆಯಾದವರು, ವಿಚ್ಛೇದನವಾದವರು ಮುಂತಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಇಪ್ಪತ್ನಾಲ್ಕು ವಾರದವರೆಗೆ ಅವಕಾಶವಿದೆ. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ಹೇಳಿದೆ. ನಿಮ್ಮ ಗುರುತನ್ನು ಆಸ್ಪತ್ರೆಯವರು ಹೊರಗೆ ಬಿಡುವಂತಿಲ್ಲ. ಹದಿನೆಂಟು ತುಂಬಿದ್ದರೆ ನಿಮ್ಮ ಸಹಿ ಒಂದೇ ಸಾಕು. ಗಂಡನದು ಬೇಡ, ತಂದೆಯದು ಬೇಡ, ಅತ್ತೆಯದೂ ಬೇಡ. ಯಾವುದೇ ಕೌಂಟರಿನಲ್ಲಿ ಬೇಕು ಎಂದರೆ, ಕಾಯ್ದೆಯಲ್ಲಿ ಹಾಗಿಲ್ಲ ಎಂದು ಅಲ್ಲೇ ನಿಂತು ಹೇಳಿ.